ಕಲ್ಲಿನ ಪದರು, ಕಾಲಿನ ಪದರು

ಬೆಳಗಿನ ಐದೂಕಾಲು ಗಂಟೆ. ವಾಡಿ ಜಂಕ್ಷನ್ನಿನ ಹಳಿಗಳ ಬದಿಗಿರುವ ಧರ್ಮಾಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಜಟ್ಟೆಪ್ಪ ಉಸಿರು ಬಿಗಿಹಿಡಿದು ಕೂತಿದ್ದಾರೆ. ಎದುರಿಗೆ ಕಬ್ಬಿಣದ ಯಂತ್ರ, ಅದರಲ್ಲಿ ಗೇಣುದ್ದದ ಕತ್ತಿ. ಕತ್ತಿಯ ಮುಂದೆ ಮೇಣದ ಪುಟ್ಟ ಗಟ್ಟಿ, ಮೇಣದೊಳಗೆ ಜೋಳದ ಕಾಳಿನಷ್ಟು ಮನುಷ್ಯರ ಚರ್ಮ. ಬಲಗೈ ಹಿಡಿಕೆಯ ಮೇಲಿದೆ, ಆದರೆ ತಿರುಗುತ್ತಿಲ್ಲ. ಯಾಕೆಂದು ಕೇಳಲು, ಪತ್ರಿಕೆಗೆ ಬರೆಯಲೆಂದು ಬಂದ ನಾನು ಬಾಯಿ ತೆರೆದರೆ ಎಡಗೈ ಎತ್ತಿ ಸುಮ್ಮನಿರಿಸುತ್ತಾರೆ.

"ಗೂಡ್ಸ್ ಗಾಡಿ ಬರಾಕತ್ತದ ಸಾಹೇಬ್ರ. ಹೋಗ್ಲಿ ಅದು."

ನನಗೇನೂ ಕೇಳಿಸಿಲ್ಲ. ಅರ್ಧ ನಿಮಿಷದ ಮೇಲೆ ನೆಲ ಸಣ್ಣಗೆ ಅದುರುತ್ತದೆ, ಕಪಾಟಿನೊಳಗಿನ ಗಾಜುಗಳು ಕಿಣಿಕಿಣಿ ಎನ್ನುತ್ತವೆ, ಗಾಡಿ ದಾಟಿಹೋಗುತ್ತದೆ. ಆಮೇಲೆ ಹಿಡಿಕೆ ತಿರುಗುತ್ತದೆ. ಕತ್ತಿಯ ಅಂಚಿನಿಂದ ಉಳ್ಳಾಗಡ್ಡಿಯ ಒಳಸಿಪ್ಪೆಗಿಂತ ತೆಳ್ಳಗಿನ ಪಟ್ಟಿ ಇಳಿಯುತ್ತದೆ. ಅದನ್ನವರು ಕುಂಚದ ತುದಿಯಿಂದ ಎತ್ತಿ ಬೆಚ್ಚಗಿನ ನೀರಿನ ಮೇಲೆ ತೇಲಿಬಿಡುತ್ತಾರೆ, ಕೆಳಗಿನಿಂದ ಗಾಜು ತೂರಿಸಿ ಮೇಲಕ್ಕೆತ್ತುತ್ತಾರೆ. ಒಂದು ಮಿಲಿಮೀಟರಿನಲ್ಲಿ ಇಂಥ ಇನ್ನೂರು ಪದರುಗಳಂತೆ. ಮೊಟ್ಟೆ ಸುಲಿಯಲಾರದ ಕೈ ನನ್ನದು, ನೋಡುತ್ತ ಕೂತೆ.

ಇಷ್ಟು ಬೆಳಗ್ಗೆ ಯಾಕೆ? ವಾಡಿಯ ಏಪ್ರಿಲ್ ಕಂಡವರು ಈ ಪ್ರಶ್ನೆ ಕೇಳುವುದಿಲ್ಲ. ಎಂಟು ಹೊಡೆಯುವ ಹೊತ್ತಿಗೆ ಊರು ಕಾದ ಹಂಚಾಗುತ್ತದೆ, ಮೇಣ ಮೆತ್ತಗಾಗಿ ಕತ್ತಿಗೆ ಅಂಟುತ್ತದೆ. ಸ್ಟೇಷನ್ ಬದಿಯ ಅಂಗಡಿಯಿಂದ ತಂದ ಬರ್ಫದ ತುಂಡಿನ ಮೇಲೆ ಗಟ್ಟಿಯನ್ನು ತಣ್ಣಗಿಟ್ಟು, ಬೆಳಗಿನ ಎರಡೂವರೆ ತಾಸಿನೊಳಗೆ ಕೆಲಸ ಮುಗಿಸಬೇಕು. ಇನ್ನೊಂದು ವೈರಿ ಈ ಊರಿನ ಬಿಳಿ ಧೂಳು. ಒಂದು ಕಣ ಕತ್ತಿಯಡಿ ಸಿಕ್ಕರೂ ಪದರಿನುದ್ದಕ್ಕೂ ಗೀರು ಬೀಳುತ್ತದೆ. ಅದಕ್ಕೆ ಕಿಟಕಿಗೆ ಒದ್ದೆ ಗೋಣಿಚೀಲ, ಬಾಗಿಲಿಗೆ ಒದ್ದೆ ಚಾದರ. ಪಡಸಾಲೆಯಲ್ಲಿ ಒಂದು ಹೆಜ್ಜೆಗುರುತು ಕಂಡರೆ ಸಾಕು, ಆಯಾ ಮಾಣಿಕಮ್ಮನಿಗೂ ಇವರಿಗೂ ಜಗಳ.

ಈ ಬೆಳಗಿನ ಚರ್ಮ ಭಂಕೂರದ ಭೀಮಬಾಯಿಯದು. ಇಪ್ಪತ್ತಾರರ ಹೆಣ್ಣುಮಗಳು, ಪರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಖಣಿಯಲ್ಲಿ ಕಲ್ಲು ಹೊರುತ್ತಾಳೆ. ಬಲಗಾಲಿನ ಹಿಮ್ಮಡಿಯಲ್ಲಿ ಕರಿ ಚುಕ್ಕೆ ಎದ್ದಾಗ ಮನೆಮಂದಿ ಜಾಲಿಮುಳ್ಳು ಮುರಿದು ಕೂತಿದೆ ಎಂದುಕೊಂಡರು. ಸೂಜಿಯಿಂದ ಬಗೆದರು. ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆ ಹಚ್ಚಿ ಸುಟ್ಟರು. ಮುಳ್ಳು ಬರಲಿಲ್ಲ, ಚುಕ್ಕೆ ಅಗಲವಾಯಿತು. ಚರ್ಮದ ಕ್ಯಾನ್ಸರ್ ಇರಬೇಕೆಂದು ಆಸ್ಪತ್ರೆಯ ಡಾ. ನೂರಜಹಾನ್ ನೋಡಿದೊಡನೆ ಹೇಳಿದರು. ವಾರಕ್ಕೊಮ್ಮೆ ಹೈದರಾಬಾದಿನಿಂದ ಬರುವ ಸರ್ಜನ್ ನಾಳೆ ರೈಲಿಳಿಯುತ್ತಲೇ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಆಳ? ಮೇಲುಮೇಲೆ ಇದ್ದರೆ ಸುತ್ತಲಿನ ಚರ್ಮವಷ್ಟೇ ತೆಗೆಯುತ್ತಾರೆ. ಆಳಕ್ಕಿಳಿದಿದ್ದರೆ ಪಾದವೇ ಹೋಗುತ್ತದೆ. ಉತ್ತರ ಇರುವುದು ಜೋಳದ ಕಾಳಿನಷ್ಟಿರುವ ಆ ಚೂರಿನಲ್ಲಿ. ಚೂರು ಇರುವುದೂ ಒಂದೇ.

ಜಟ್ಟೆಪ್ಪನವರಿಗೀಗ ನಲವತ್ತೆಂಟು. ಓದು ಮೂರನೇ ಇಯತ್ತೆ. ಭಂಕೂರದ ಖಣಿಯಲ್ಲಿ ಇಪ್ಪತ್ತು ವರ್ಷ ಪರ್ಸಿ ಎಬ್ಬಿಸಿದ ಕೈ ಇದು. ಶಹಾಬಾದ ಕಡೆಯ ಕಲ್ಲು ಹಾಳೆ ಹಾಳೆಯಾಗಿ ಕೂತಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸಪ್ಪಳ ಕೇಳಿ, ಪದರು ಎಲ್ಲಿದೆಯೆಂದು ಗೊತ್ತುಮಾಡಿಕೊಂಡು ಚಾಣ ಇಡಬೇಕು. ಇದಕ್ಕೆ ಖಣಿಯವರು 'ಪದರು ಹಿಡಿಯೋದು' ಎನ್ನುತ್ತಾರೆ. ಎಂಟು ವರ್ಷದ ಹಿಂದೆ, 1970ರಲ್ಲಿ, ಇದೇ ಕೋಣೆಗೆ ಪರ್ಸಿ ಹಾಸಲು ಬಂದಿದ್ದರು. ಎರಡು ಬೆರಳು ದಪ್ಪದ ಕಲ್ಲನ್ನು ಕಿವಿಗೊಟ್ಟು ಆಲಿಸಿ, ನಡುವೆ ಸೀಳಿ, ಎರಡು ನುಣುಪಾದ ಹಾಳೆ ಮಾಡಿದ್ದನ್ನು ಡಾಕ್ಟರು ನೋಡಿದರು. ಇದಕ್ಕಿಂತ ತೆಳ್ಳಗಿನದು ಕೊಯ್ಯುತ್ತೀರೇನು ಎಂದು ಕೇಳಿದರು.

"ನಾ ಇವರ ಕೈ ನೋಡಿ ತಗೊಳ್ಳಲಿಲ್ಲ, ಕಿವಿ ನೋಡಿ ತಗೊಂಡೆ" ಎಂದು ಡಾ. ನೂರಜಹಾನ್ ನಗುತ್ತಾರೆ. "ಕಲ್ಲಿನ ಮಾತು ಕೇಳೋ ಮನುಷ್ಯಗ ಕತ್ತಿ ಮೊಂಡಾದದ್ದು ಕೇಳಿಸೋದಿಲ್ಲೇನ್ರಿ?"

ಕೇಳಿಸುತ್ತದೆ, ನಿಜ. ಆದರೆ ಈ ಮೆಚ್ಚುಗೆ ಶುರುವಾಗುತ್ತಲೇ ಜಟ್ಟೆಪ್ಪ ತಲೆ ತಗ್ಗಿಸುತ್ತಾರೆ. "ಡಾಕ್ಟರ್ ಬಾಯಿಯವ್ರು ಛಲೋದಷ್ಟೇ ಹೇಳ್ತಾರ್ರಿ. ಕೆಟ್ಟದ್ದು ನಾ ಹೇಳ್ತೀನಿ, ಬರಕೋರಿ" ಎನ್ನುತ್ತಾರೆ. ನಮ್ಮ ಪತ್ರಿಕೆಗಳ ಇಂಥ ಬರಹಗಳಲ್ಲಿ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. ಆದರೂ ಬರೆದುಕೊಂಡೆ.

1971. ಕೆಲಸ ಕಲಿತು ವರ್ಷವಾಗಿತ್ತಷ್ಟೆ. ಜೊತೆಗೆ ಕಲ್ಲೊಡೆಯುತ್ತಿದ್ದ ಗೆಳೆಯ ಅಮೃತಪ್ಪನ ಅಂಗಾಲಿನ ಚೂರು ಬಂತು. ಚೂರನ್ನು ಮೇಣದಲ್ಲಿ ಕೂರಿಸಿಕೊಡುತ್ತಿದ್ದ ಡಾಕ್ಟರು ಅಂದು ರಜೆಯಲ್ಲಿದ್ದರು. ಗೆಳೆಯನದೆಂದು ಜಟ್ಟೆಪ್ಪ ಮುತುವರ್ಜಿ ವಹಿಸಿ ಕೊಯ್ದರು, ಹೇಗೆ? ಖಣಿಯಲ್ಲಿ ಕಲಿತಂತೆ! ಚೂರನ್ನು ಮೇಣದಲ್ಲಿ ಮಲಗಿಸಿ, ಮೇಲಿನ ಒರಟನ್ನು ಸವರಿ ಒಗೆದು, ಪದರು ಹಿಡಿದು ನಡುವಿನ ನುಣುಪಾದ ಹಾಳೆಯನ್ನು ಗಾಜಿಗೇರಿಸಿದರು. ಪರ್ಸಿಯಾಗಿದ್ದರೆ ಶಹಬ್ಬಾಸ್ ಎನ್ನಬೇಕಾದ ಕೆಲಸ. ಆದರೆ ಚರ್ಮದಲ್ಲಿ ರೋಗ ಎಷ್ಟು ಕೆಳಗಿಳಿದಿದೆಯೆಂದು ತಿಳಿಯಬೇಕಾದರೆ ಚೂರನ್ನು ನಿಲ್ಲಿಸಿ, ಮೇಲಿನಿಂದ ತಳದವರೆಗಿನ ಎಲ್ಲ ಪದರೂ ಒಟ್ಟಿಗೆ ಕಾಣುವಂತೆ ಕೊಯ್ಯಬೇಕು. ಆಳ ತಿಳಿಯಲಿಲ್ಲ, ಮತ್ತೆ ಕೊಯ್ಯಲು ಚೂರೂ ಉಳಿದಿರಲಿಲ್ಲ. ಸರ್ಜನ್ ಅಪಾಯ ತಂದುಕೊಳ್ಳಲು ಒಪ್ಪದೆ ಪಾದ ತೆಗೆದರು. ತೆಗೆದ ಪಾದವನ್ನು ಡಾ. ನೂರಜಹಾನ್ ಬಂದು ಪರೀಕ್ಷಿಸಿದಾಗ ಗೊತ್ತಾಯಿತು, ರೋಗ ಮೇಲುಮೇಲೆ ಇತ್ತು.

"ಉಗುರಿನಿಂದ ಹೋಗೂದಕ್ಕ ಕೊಡ್ಲಿ ತಂದಂಗಾತ್ರಿ. ಆ ಕೊಡ್ಲಿ ನಾನು" ಎನ್ನುತ್ತಾರೆ ಜಟ್ಟೆಪ್ಪ. ಯಾರೂ ಹೇಳು ಎನ್ನದಿದ್ದರೂ ಅವರೇ ಭಂಕೂರಕ್ಕೆ ಹೋಗಿ ಅಮೃತಪ್ಪನೆದುರು ಕೂತು ತಪ್ಪು ಒಪ್ಪಿಕೊಂಡರು. ಅಮೃತಪ್ಪ ಎದ್ದುಹೋಗು ಎಂದನಷ್ಟೆ. ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಮೂರನೆಯ ವರ್ಷ ಒಂದು ದಿನ ಬಗಲಲ್ಲಿ ಕೋಲು ಊರಿಕೊಂಡು, ಅಂಗಾಲಿನಲ್ಲಿ ಚುಕ್ಕೆ ಎದ್ದಿದ್ದ ಚಿತ್ತಾಪುರದ ಒಬ್ಬ ಗೌಂಡಿಯ ರಟ್ಟೆ ಹಿಡಿದು ಎಳೆದುಕೊಂಡು ಇದೇ ಬಾಗಿಲಿಗೆ ಬಂದ. "ನಂದಂತೂ ಹೋತಲೇ ಜಟ್ಟ್ಯಾ. ಇವನ್ದು ನಿಂದರ್ಸಿ ಕೊಯ್ಯಿ" ಎಂದ.

ಅಲ್ಲಿಂದೀಚೆ ಇವರಿಬ್ಬರೂ ಜೋಡೆತ್ತು. ಅಮಾವಾಸ್ಯೆಗೆ ಖಣಿಗಳಿಗೆ ರಜೆ, ಜನ ಮೈತೊಳೆದು ಮನೆಯಲ್ಲಿರುತ್ತಾರೆ. ಅಂದು ಅಮೃತಪ್ಪ ಒಂದೂರು ಹಿಡಿಯುತ್ತಾನೆ. ಈ ತಿಂಗಳು ಶಹಾಬಾದ, ಮುಂದಿನ ತಿಂಗಳು ಸೇಡಂ ಕಡೆಯ ಕೋಡ್ಲಾ, ಒಮ್ಮೊಮ್ಮೆ ಚಿಂಚೋಳಿಯವರೆಗೆ. ಕಟ್ಟೆಯ ಮೇಲೆ ಕೂತು "ಯೇ, ಕಾಲ್ ತೋರಸ್ರಿ" ಎಂದು ಕೂಗುತ್ತಾನೆ. ನಾಚಿಕೊಂಡವರಿಗೆ ತನ್ನ ಮೋಟುಗಾಲು ತೋರಿಸುತ್ತಾನೆ. ಭೀಮಬಾಯಿಯನ್ನು ಕರೆತಂದವನೂ ಅವನೇ.

ಡಾ. ನೂರಜಹಾನ್ ಎಂಟು ವರ್ಷದಿಂದ ನಡೆಸುತ್ತಿರುವ ಸಂಶೋಧನೆ ಇಂಥ ಮೂವತ್ತೊಂದು ಅಂಗಾಲುಗಳದು. ಆಳದ ಜೊತೆಗೆ ಅವರು ಇನ್ನೆರಡನ್ನು ಎಣಿಸುತ್ತಾರೆ: ರೋಗದ ಬುಡದಲ್ಲಿ ನೆರೆದ ಬಿಳಿ ರಕ್ತಕಣಗಳು, ರೋಗದತ್ತ ಹೊಸದಾಗಿ ಚಾಚಿದ ರಕ್ತನಾಳಗಳು. ವಿಜ್ಞಾನದಲ್ಲಿ ನಾನು ಶುದ್ಧ ದಡ್ಡ. ನನಗೆ ತಿಳಿಹೇಳಿದವರು ಜಟ್ಟೆಪ್ಪ.

"ಬಿಳಿ ಕಣ ಅಂದ್ರ ಊರ ತಳವಾರ್ರು ಇದ್ದಂಗ್ರಿ. ಕಳ್ಳ ಹೊಕ್ಕಾನಂದ್ರ ಸುತ್ತ ಬಂದು ನಿಂದರತಾವ. ಈ ಹುಣ್ಣು ಭಾಳ ಹುಷಾರ್ರಿ, ಹೊಟ್ಟಿಗೆ ರಕ್ತ ಬೇಕಂತ ತನ್ನ ಕಡಿಗೆ ತಾನ ಕಾಲುವಿ ತೋಡಸ್ಕೊಂತದ. ತಳವಾರ್ರು ಜಾಸ್ತಿ, ಕಾಲುವಿ ಕಮ್ಮಿ ಅಂದ್ರ ಮನಷ್ಯಾ ಉಳೀತಾನ."

ಹಾಗೆ ಉಳಿಯುತ್ತಾರೆಂದು ಡಾಕ್ಟರು ನಿರೀಕ್ಷಿಸಿದ ಹನ್ನೆರಡು ಮಂದಿಯಲ್ಲಿ ಹತ್ತು ಜನ ಐದು ವರ್ಷ ದಾಟಿ ಇಂದಿಗೂ ನಡೆದಾಡುತ್ತಿದ್ದಾರೆ. ಊರೂರು ತಿರುಗಿ ಅದನ್ನು ಖಾತ್ರಿ ಮಾಡಿಕೊಂಡು ಬರುವವನೂ ಅಮೃತಪ್ಪನೇ. ಹೋದ ವರ್ಷ ಮುಂಬೈಯ ವೈದ್ಯಕೀಯ ಪತ್ರಿಕೆಯೊಂದು ಈ ಸಂಶೋಧನೆಯ ಲೇಖನ ಅಚ್ಚುಮಾಡಿತು. ಕೊನೆಯಲ್ಲಿ 'ಪ್ರಯೋಗಾಲಯದ ಸಿಬ್ಬಂದಿಗೆ' ಕೃತಜ್ಞತೆಯಿದೆ, ಹೆಸರಿಲ್ಲ. ಡಾಕ್ಟರು ಹೆಸರು ಬರೆದು ಕಳಿಸಿದ್ದರು, ಅಲ್ಲಿ ಯಾರೋ ಹೊಡೆದುಹಾಕಿದರು. ಡಾಕ್ಟರಿಗೆ ಇಂದಿಗೂ ಸಿಟ್ಟು. ಜಟ್ಟೆಪ್ಪ ಮಾತ್ರ ಪುಟ ಮಗುಚಿ ಚರ್ಮದ ಪದರಿನ ಚಿತ್ರವೊಂದರ ಮೇಲೆ ಬೆರಳಿಡುತ್ತಾರೆ: "ಹೆಸರಿಲ್ಲಂದ್ರ ಏನಾತ್ರಿ? ಚಿತ್ರ ನಂದದ. ಎಲ್ಲೆರೆ ಗೀರು ಬಿದ್ದದೇನ್ ನೋಡ್ರಿ!"

ನೋಡಿದೆ. ಒಂದೂ ಗೀರಿಲ್ಲ. ಎಂಟು ವರ್ಷದಲ್ಲಿ ಒಂಬತ್ತು ಸಾವಿರ ಗಾಜು ಇವರ ಕೈದಾಟಿವೆ. ನಮ್ಮ ಜಿಲ್ಲೆಯ ಮೂಲೆಯಲ್ಲಿ ಹೀಗೊಬ್ಬರು ಇದ್ದಾರೆಂದು ತಿಳಿಯಲು ನಮ್ಮಂಥವರಿಗೆ ಎಂಟು ವರ್ಷ ಬೇಕಾಯಿತಲ್ಲ, ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು.

ಮಧ್ಯಾಹ್ನದ ಹೊತ್ತಿಗೆ ಭೀಮಬಾಯಿಯ ಪದರುಗಳಿಗೆ ಕೆಂಪು, ನೀಲಿ ಬಣ್ಣ ಕೂತಿದೆ. ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಜಟ್ಟೆಪ್ಪ ಒಳಗೆ ನಿಲ್ಲುವುದಿಲ್ಲ, ಒದ್ದೆ ಬಟ್ಟೆ ಹಿಡಿದು ಪಡಸಾಲೆ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಕಂಬಕ್ಕೊರಗಿ ಭೀಮಬಾಯಿ ಕೂತಿದ್ದಾಳೆ, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಪಕ್ಕದಲ್ಲಿ ಅಮೃತಪ್ಪ.

"ಜಟ್ಟೆಪ್ಪ, ಒಳಗ ಬರ್ರಿ. ನೀವ ನೋಡ್ರಿ" ಎಂದು ಡಾಕ್ಟರು ಕರೆಯುತ್ತಾರೆ.

ಅವರು ಬಹಳ ಹೊತ್ತು ನೋಡುತ್ತಾರೆ. ಆಳ ಮುಕ್ಕಾಲು ಮಿಲಿಮೀಟರೂ ಇಲ್ಲ. ಬುಡದಲ್ಲಿ ಬಿಳಿ ಕಣಗಳ ದಟ್ಟ ಸಾಲು, ರಕ್ತನಾಳಗಳು ಅಲ್ಲೊಂದು ಇಲ್ಲೊಂದು. ಜಟ್ಟೆಪ್ಪ ಹೊರಬಂದು ಭೀಮಬಾಯಿಯ ಎದುರು ಕೂರುತ್ತಾರೆ.

"ಮ್ಯಾಲ್ಮ್ಯಾಲೆ ಅದವ್ವಾ."

"ಕಾಲು, ಕಾಕಾ?"

"ಕಾಲು ನಿಂದ."

ಭೀಮಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಅಮೃತಪ್ಪ ಕೋಲಿನ ತುದಿಯಿಂದ ಗೆಳೆಯನ ಕಾಲಿಗೆ ತಿವಿದು, "ಈ ಸಲಾ ನಿಂದರ್ಸಿದಿ ನೋಡ್ ಮಗನ" ಎನ್ನುತ್ತಾನೆ. ಮಾತು ಕುಚೋದ್ಯದ್ದು, ಕಣ್ಣು ಮಾತ್ರ ಒದ್ದೆ.

ಮರುದಿನ ಸರ್ಜನ್ ಸುತ್ತಲಿನ ಚರ್ಮವಷ್ಟೇ ತೆಗೆದು, ತೊಡೆಯ ಚರ್ಮ ತಂದು ಕೂರಿಸಿದರು. ಜೂನ್ ಮೊದಲ ವಾರ ನಾನು ಮತ್ತೆ ವಾಡಿಗೆ ಹೋದಾಗ ಭೀಮಬಾಯಿ ತಪಾಸಣೆಗೆ ಬಂದಿದ್ದಳು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಬಲಗಾಲನ್ನು ಅಳುಕುತ್ತಲೇ ಊರುತ್ತ ಡಾಕ್ಟರ ಕೋಣೆಯವರೆಗೆ ಹೋಗಿ ಬಂದಳು. ಹಿಂದೆ ಅಮೃತಪ್ಪ. ಇಬ್ಬರೂ ರೈಲಿನ ಹೊತ್ತಾಯಿತೆಂದು ಹೊರಟರು.

ನಿಮಗೇನಾದರೂ ಆಸೆಯಿದೆಯೇ ಎಂದು ಜಟ್ಟೆಪ್ಪನವರನ್ನು ಕೇಳಿದೆ. ಇಂಥ ಬರಹದ ಕೊನೆಗೆ ಕೇಳಲೇಬೇಕಲ್ಲ! ಹೊಸ ಯಂತ್ರ ಎಂದಾರು, ಬಡ್ತಿ ಎಂದಾರು ಎಂದುಕೊಂಡಿದ್ದೆ. ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಬೆಳಗಿನಿಂದ ಪಡಸಾಲೆಯ ಮೇಲೆ ಬಿಳಿ ಧೂಳು ಕೂತಿತ್ತು. ಅದರಲ್ಲಿ ಅಮೃತಪ್ಪನ ಒಂದು ಪಾದ ಮತ್ತು ಕೋಲಿನ ದುಂಡು ಗುರುತು, ಪಕ್ಕದಲ್ಲೇ ಭೀಮಬಾಯಿಯ ಹೆಜ್ಜೆಗಳು. ಅಷ್ಟರಲ್ಲಿ ಮಾಣಿಕಮ್ಮ ಕಸಬರಿಗೆ ಹಿಡಿದು ಬಂದಳು.

"ಮಾಣಿಕಮ್ಮ, ಇವತ್ತೊಂದಿನ ಅಲ್ಲಿ ಕಸ ಹೊಡಿಬ್ಯಾಡವ್ವಾ."

"ಯಾಕಣ್ಣಾ, ಜ್ವರ ಗಿರ ಬಂದಾವೇನು?"

"ಸಂಜಿತನಕ ಇರ್ಲಿ ಬಿಡು" ಎಂದರು ಜಟ್ಟೆಪ್ಪ. "ಎಡದ್ದೂ ಮೂಡ್ಯಾದ, ಬಲದ್ದೂ ಮೂಡ್ಯಾದ."