ಕನ್ನಮ್ಮ ಬರೆದ ಬುಟ್ಟಿ

ಮೊನ್ನೆ ಮಾಘದಲ್ಲಿ ದುಗ್ಗಮ್ಮ ತೀರಿಕೊಂಡಳು. ಸಾಗರದ ಸುತ್ತಮುತ್ತ ಎಷ್ಟೋ ಮನೆಗಳ ಗೋಡೆಯ ಮೇಲೆ ಅವಳ ಗೆರೆಗಳು ಇನ್ನೂ ಇವೆ. ದೀವರ ಜನರ ಮನೆಯಲ್ಲಿ ಮದುವೆ ಗೊತ್ತಾದರೆ, ಮದುಮಕ್ಕಳು ಕೂರುವಲ್ಲಿನ ಹಸೆಗೋಡೆಗೆ ಚಿತ್ತಾರ ಬರೆಯಲು ಮೊದಲು ಅವಳಿಗೇ ಹೇಳಿಕಳಿಸುತ್ತಿದ್ದರು. ಪುಂಡಿನಾರಿನ ಕುಂಚವನ್ನು ಅರೆದ ಅಕ್ಕಿಯ ಬಿಳಿಯಲ್ಲಿ ಅದ್ದಿ, ಕಿರುಬೆರಳನ್ನು ಗೋಡೆಗೆ ಬಳಿದ ಕೆಮ್ಮಣ್ಣಿನ ಮೇಲೆ ಊರಿ ಎಳೆದಳೆಂದರೆ ಗೆರೆ ನೂಲು ಹಿಡಿದಂತೆ ಬರುತ್ತಿತ್ತು.

ಮೊದಲು ಜೋಮು ಹಿಡಿದದ್ದು ಆ ಕಿರುಬೆರಳಿಗೇ. ಆಮೇಲೆ ಉಂಗುರದ ಬೆರಳಿಗೆ. ಗೆರೆ ನಡುಗಿದಾಗ ದುಗ್ಗಮ್ಮ ನಾರನ್ನು ಬೈದಳು, ಅಕ್ಕಿಯನ್ನು ಬೈದಳು, ಯಾರಿಗೂ ನಿಜ ಹೇಳಲಿಲ್ಲ. ಕಂಡುಹಿಡಿದವಳು ಕನ್ನಮ್ಮ, ಅವಳ ಮೈದುನನ ಹೆಂಡತಿ.

ಹೊಸನಗರದ ಕಡೆಯಿಂದ ಬಂದ ಈ ಕನ್ನಮ್ಮ ಚಿತ್ತಾರ ಕಲಿಸು ಎಂದು ಒಮ್ಮೆಯೂ ಕೇಳಿದವಳಲ್ಲ. ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಕಲಿತಳು. ದುಗ್ಗಮ್ಮನ ಹೊಟ್ಟೆಯುರಿಗೆ ಅದೇ ಮೂಲ. ಕೇಳಿದ್ದರೆ ಕೊಡುವವಳು ತಾನಾಗುತ್ತಿದ್ದಳು.

"ಅಕ್ಕಾ, ಅನ್ನ ಕಲಸುವಾಗ ಎರಡು ಬೆರಳು ಮಡಚಿಕೊಂಡೇ ಇರ್ತಾವಲ್ಲ. ಡಾಕ್ಟ್ರಿಗೆ ತೋರ್ಸು" ಎಂದಳು ಕನ್ನಮ್ಮ.

"ನನ್ನ ಬೆರಳು ಕಾಯಕ್ಕೆ ಕೂತಿದೀಯಾ? ನಾ ಆಸ್ಪತ್ರೇಲಿ ಬಿದ್ಕಂಡ್ರೆ ಬುಟ್ಟಿ ನಿಂಗೆ ಸಿಗ್ತದೆ, ಅಲ್ದಾ?"

ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಅದು. ಸೊಸೆಯರಲ್ಲಿ ಹಿರಿಯಳೇ ಅದರ ಮೇಲೆ ಚಿತ್ತಾರ ಬರೆಯುವುದು ಆ ಮನೆಯ ರೂಢಿ. ಅದನ್ನು ಬಿಟ್ಟುಕೊಡಲಾರದೆ ದುಗ್ಗಮ್ಮ ನೋವು ನುಂಗಿಕೊಂಡು ಹಬ್ಬ ದಾಟಿಸಿದಳು. ಮುಂದಿನ ಹಬ್ಬ ಹತ್ತಿರ ಬರುವ ಹೊತ್ತಿಗೆ ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಇಳಿದು ಗುಳಿ ಬಿದ್ದಿತ್ತು.

ಕೊನೆಗೆ ತೋರಿಸಲು ಹೋದಾಗ ಸಾಗರದ ಭರತೇಶ್ ಡಾಕ್ಟರು ಅವಳು ಬರೆಯಲು ಕೂರುವ ರೀತಿಯನ್ನು ತೋರಿಸಲು ಹೇಳಿದರು. ಅವಳು ಮೇಜಿನ ಅಂಚಿಗೆ ಮೊಣಕೈ ಊರಿ, ಮಡಚಿ ತೋರಿಸಿದಳು. ಅವರು ಮೊಣಕೈಯ ಒಳಮಗ್ಗುಲನ್ನು ಮೆಲ್ಲಗೆ ತಟ್ಟಿದರು. ಕಿರುಬೆರಳ ತುದಿಯವರೆಗೂ ಜುಮ್ಮೆಂದಿತು. ನರ ಹಾಯುವ ಸಂದಿ ಬಿಗಿದುಕೊಂಡಿದೆ, ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಸಡಿಲಿಸಬೇಕು, ಜೋಮು ಹೋದೀತು, ಆದರೆ ಕೈಯ ಕಸುವು ಪೂರ್ತಿ ಮರಳುತ್ತದೆಂದು ಹೇಳಲಾರೆ ಎಂದರು. ಹುಣ್ಣಿಮೆ ಕಳೆಯಲಿ ಎಂದು ಅವಳು ಬೇಡಿಕೊಂಡಳು.

"ಹುಣ್ಣಿಮೆ ಮುಂದಿನ ವರ್ಷವೂ ಬರ್ತದೆ ದುಗ್ಗಮ್ಮ. ನರ ಕಾಯೋದಿಲ್ಲ."

ತೋಳಿಗಷ್ಟೇ ಮರಗಟ್ಟಿಸುವ ಸೂಜಿ ಕೊಟ್ಟಿದ್ದರಿಂದ ಆಪರೇಷನ್ ಹೊತ್ತಿನಲ್ಲಿ ಅವಳಿಗೆ ಎಚ್ಚರವಿತ್ತು. ಕತ್ತರಿಯ ಸದ್ದು ಕೇಳುತ್ತಿದ್ದರೂ ಮನಸ್ಸೆಲ್ಲ ಮನೆಯಲ್ಲಿ ಅಕ್ಕಿ ಅರೆಯುತ್ತಿರಬಹುದಾದ ಕನ್ನಮ್ಮನ ಮೇಲಿತ್ತು.

ಕೈಗೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದಾಗ ಕನ್ನಮ್ಮ ಜಗಲಿಯಲ್ಲಿ ಬುಟ್ಟಿ ಬರೆಯುತ್ತಿದ್ದಳು. ದುಗ್ಗಮ್ಮ ತಪ್ಪು ಹುಡುಕಲೆಂದೇ ಎದುರಿಗೆ ಕುಳಿತಳು. ಒಂದು ಎಳೆಯೂ ಸೊಟ್ಟಗಿರಲಿಲ್ಲ. ಹೊಲಿಗೆಗಿಂತ ಹೆಚ್ಚು ಉರಿದದ್ದು ಅದು.

"ಹೆಂಗಿದೆ ಅಕ್ಕಾ?"

"ಒಣಗ್ಲಿ, ನೋಡಣ."

ಮರುವರ್ಷದ ಮಳೆಗಾಲದ ಹೊತ್ತಿಗೆ ಕಿರುಬೆರಳಿಗೆ ಕೆಮ್ಮಣ್ಣಿನ ತಂಪು ತಿಳಿಯತೊಡಗಿತು. ಆ ವರ್ಷದ ಹುಣ್ಣಿಮೆಗೆ ಬುಟ್ಟಿಯನ್ನು ತಾನೇ ಮುಂದಿಟ್ಟುಕೊಂಡಳು. ಬೆರಳಿಗೆ ಎಲ್ಲವೂ ತಿಳಿಯುತ್ತಿತ್ತು, ಕುಂಚ ಮಾತ್ರ ನಿಲ್ಲಲಿಲ್ಲ. ಒಂದು ಗೆರೆ ಎಳೆದಳು, ಅದು ಅರ್ಧದಲ್ಲೇ ಜಾರಿತು. ಬುಟ್ಟಿಯನ್ನು ಕನ್ನಮ್ಮನ ಕಡೆ ದೂಡಿದಳು.

"ತಗಾ. ನನ್ನ ಗೆರೆ ಅಳಿಸ್ಬ್ಯಾಡ."

ಕನ್ನಮ್ಮ ಅಳಿಸಲಿಲ್ಲ. ಅದು ಜಾರಿದಲ್ಲಿಂದಲೇ ಹಿಡಿದು ಬುಟ್ಟಿ ತುಂಬಿಸಿದಳು.

ಹಬ್ಬದ ದಿನ ನೆರೆಯವರು ಬುಟ್ಟಿ ನೋಡಿ, ಆಪರೇಷನ್ ಆದಮೇಲೂ ದುಗ್ಗಮ್ಮನ ಕೈ ಏನೂ ಬದಲಾಗಿಲ್ಲ ಎಂದು ಹೊಗಳಿದರು. ಕನ್ನಮ್ಮ ಪಕ್ಕದಲ್ಲೇ ಎಲೆ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ. ದುಗ್ಗಮ್ಮ ಹೊಗಳಿಕೆಯನ್ನೆಲ್ಲ ತಾನೇ ಇಟ್ಟುಕೊಂಡಳು. ಓರಗಿತ್ತಿ ಹಾಗೆ ಸುಮ್ಮನಿದ್ದುಬಿಟ್ಟದ್ದು ಕಂಡು ಅದಕ್ಕೂ ಅವಳಿಗೆ ಹೊಟ್ಟೆಕಿಚ್ಚಾಯಿತು. ತನ್ನಿಂದ ಹಾಗೆ ಸುಮ್ಮನಿರಲು ಆಗುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.