ಚೌಕಗಳಿಲ್ಲದ ಚಿತ್ರ

ಬೈಲಹೊಂಗಲದ ಅಂಗಡಿಯಲ್ಲಿ ಎರಡು ಟಿವಿ ಅಕ್ಕಪಕ್ಕ ಓಡುತ್ತಿದ್ದವು. ಒಂದರಲ್ಲಿ ಎಚ್‌ಡಿ ಚಾನೆಲ್, ಓಟದ ದೃಶ್ಯ ಬಂದಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು; ಇನ್ನೊಂದರಲ್ಲಿ ಡಿಸ್ಕಿನ ಸಿನಿಮಾ.

"ಚಾನೆಲ್ಲಿನ ಚಿತ್ರ ಸ್ವಚ್ಛ ಕಾಣತೈತಿ, ಹೌದಿಲ್ರಿ ಸರ?" ಅಂದ ಅಂಗಡಿಯವ. ನಾನು ತಲೆಯಾಡಿಸಿದೆ. ಪಕ್ಕದಲ್ಲಿ ನಿಂತ ಮಗಳು ಎರಡೂ ಪರದೆಗಳನ್ನು ನೋಡುತ್ತಿದ್ದಳು.

ನಾನು ಸಣ್ಣವನಿದ್ದಾಗ ನೇಸರಗಿಯಲ್ಲಿ ಅವ್ವ ಗೌಡರ ಅಂಗಳ ಗುಡಿಸುತ್ತಿದ್ದಳು. ನಮ್ಮ ಕೇರಿಯವರು ಅವರ ಹೊಸ್ತಿಲು ದಾಟುವಂತಿರಲಿಲ್ಲ. ಕಿಟಕಿಯ ಸೊಳ್ಳೆಜಾಳಿಗೆಗೆ ಮೂಗು ಒತ್ತಿ ನಾನು ಅವರ ಟಿವಿ ನೋಡುತ್ತಿದ್ದೆ. ಚಿತ್ರದ ತುಂಬ ಸಣ್ಣ ಸಣ್ಣ ಚೌಕಗಳು. ಟಿವಿ ಅಂದರೆ ಹಾಗೇ ಎಂದು ನಂಬಿದ್ದೆ. ಒಮ್ಮೆ ನಮ್ಮ ಕೇರಿಗೆ ಟಿವಿ, ಡಿಸ್ಕ್ ಪ್ಲೇಯರ್ ಬಾಡಿಗೆಗೆ ಬಂದವು. ಎದುರಿಗೇ ಕುಂತು ನೋಡಿದೆ. ಒಂದೂ ಚೌಕವಿಲ್ಲ!

ಮರುದಿನ ಗೌಡರ ಹೆಂಡತಿಗೆ ಹೇಳಿಯೇಬಿಟ್ಟೆ: "ಅವ್ವಾರ, ನಿಮ್ಮ ಟಿವಿಗಿಂತ ನಮ್ಮ ಡಿಸ್ಕ್ ಚೊಲೊ ಐತ್ರಿ. ನಿಮ್ಮದರಾಗ ಬರೇ ಜಾಳಿಗಿ."

ಅವ್ವ ಕಸಬರಿಗೆ ಬಿಸಾಕಿ ಓಡಿಬಂದು ನನ್ನ ಬಾಯಿ ಮುಚ್ಚಿದಳು. "ಕೂಸೈತ್ರಿ ಅವ್ವಾರ, ನನ್ನ ಕೆಲಸ ಬಿಡಸಬ್ಯಾಡ್ರಿ." ಗೌಡರ ಹೆಂಡತಿ ಕಿಟಕಿ ಹಾಕಿದಳು.

"ಸುಳ್ಳ ಹೇಳಬ್ಯಾಡ್ರಿ ಅಂಕಲ್, ಡಿಸ್ಕಿನ ಚಿತ್ರ ಚೊಲೊ ಐತಿ," ಎಂದಳು ಈಗ ಅಂಗಡಿಯಲ್ಲಿ ನನ್ನ ಮಗಳು. ದಲಿತ ಚಳವಳಿಯಲ್ಲಿ ಘೋಷಣೆ ಕೂಗಿ ಗಂಟಲು ಹರಿದುಕೊಂಡವನು ನಾನು! ನನ್ನ ಕೈ ಆಗಲೇ ಅವಳ ಬಾಯಿ ಮುಚ್ಚಿತ್ತು. ಅವಳು ನನ್ನ ಕೈ ತಳ್ಳಿ ಇನ್ನೊಮ್ಮೆ ಹೇಳಿದಳು, ಇನ್ನೂ ಜೋರಾಗಿ.