ಕೊನೆಯನ್ನು ಮೊದಲೇ ಹೇಳುತ್ತಿದ್ದ ಅತ್ತೆ

ನನ್ನ ಸೋದರತ್ತೆಯ ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ಬಿಳಿ ನೂಲು ಸುತ್ತಿದ್ದಳು. ಹತ್ತಿ ವ್ಯಾಪಾರದ ಮನೆಯಲ್ಲಿ ನೂಲಿಗೇನು ಬರ ಎನ್ನುತ್ತ ಹೊಸದು ಕೊಳ್ಳಲೇ ಇಲ್ಲ. ಸಿನಿಮಾದಲ್ಲಿ ಯಾರಾದರೂ ಸಾಯುವ ಹೊತ್ತಿಗೆ ಸರಿಯಾಗಿ ಅದನ್ನು ತೆಗೆದು ಸೆರಗಿನಿಂದ ಒರೆಸುತ್ತ ಕೂರುತ್ತಿದ್ದಳು.

ಯುದ್ಧಕಾಲದ ಗೂಢಚಾರರ ಹಳೆಯ ಇಂಗ್ಲಿಷ್ ಸಿನಿಮಾಗಳೆಂದರೆ ಅವಳಿಗೆ ಪ್ರಾಣ. ಬಳ್ಳಾರಿಯಲ್ಲಿ ಓದಿದವಳು, ಮದುವೆ ಬೇಡವೆಂದು ಆದೋನಿಯ ನಮ್ಮ ಮನೆಯಲ್ಲೇ ಉಳಿದವಳು. ಭಾನುವಾರ ಮಧ್ಯಾಹ್ನ ಟೀವಿಗೆ ಪೆನ್‌ಡ್ರೈವ್ ಹಾಕಿ, ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಕನ್ನಡದಲ್ಲಿ ಅರ್ಥ ಹೇಳುವಳು. ಅಜ್ಜಿಗೆ ಇಂಗ್ಲಿಷ್ ಬಾರದು, ಎದೆಯೂ ಗಟ್ಟಿಯಿಲ್ಲ. ಹಾಗಾಗಿ ಸಿನಿಮಾ ಶುರುವಾಗುವ ಮೊದಲೇ ಅತ್ತೆ ಕೊನೆ ಹೇಳಿಬಿಡುತ್ತಿದ್ದಳು.

"ಯವ್ವಾ, ಆ ಟೋಪಿಯಾವ ಇವರ ಕಡಿಯಾವ ಅಲ್ಲ, ದುಶ್ಮನ್ ಮನಿಷಿ. ಕಡೀಕ ಸಿಕ್ಕಿಬೀಳ್ತಾನ. ನೀ ಅಂಜಬ್ಯಾಡ."

ನಾನು ರೇಗುತ್ತಿದ್ದೆ. "ಅತ್ತೀ, ಎಲ್ಲಾ ಹೇಳಿಬಿಟ್ರ ನೋಡಾಕ ಏನ್ ಉಳೀತೈತಿ?"

"ಮಾರಿ ಉಳೀತಾವು. ಮೋಸ ಮಾಡಾಕಿಂತ ಮೊದ್ಲು ಮನಿಷ್ಯಾನ ಮಾರಿ ಹೆಂಗಿರ್ತೈತಿ, ನೋಡು."

ಒಂದು ಸಿನಿಮಾದಲ್ಲಿ ಒಬ್ಬ ಗೂಢಚಾರ, ಸುಟ್ಟು ಕರಕಲಾದ ಯಾರದೋ ಹೆಣಕ್ಕೆ ತನ್ನ ಗಡಿಯಾರ ಕಟ್ಟಿ, ತಾನು ಸತ್ತೆನೆಂದು ಶತ್ರುಗಳನ್ನು ನಂಬಿಸುತ್ತಾನೆ. ಯುದ್ಧ ಮುಗಿದ ಮೇಲೆ ಬಂದು ತಾಯಿಯ ಬಾಗಿಲು ತಟ್ಟುತ್ತಾನೆ. ಅದನ್ನು ನೋಡಿ ಅಜ್ಜಿ ಚಪ್ಪಾಳೆ ಹೊಡೆದಿದ್ದಳು.

ಆ ವರ್ಷದ ಸುಗ್ಗಿಯಲ್ಲೇ, ಆಸ್ಪರಿ ದಾರಿಯಲ್ಲಿ ನಮ್ಮ ಹತ್ತಿ ಲಾರಿಗೆ ಬೆಂಕಿ ಬಿತ್ತು. ಡ್ರೈವರ್ ಜಿಗಿದು ಉಳಿದ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ, ಅಜ್ಜಿಯ ಕಿರಿಮಗ, ಹೊರಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಹೆಣವಿಟ್ಟ ಕೋಣೆಗೆ ಹೋಗಲು ಅಪ್ಪನಿಗೆ ಧೈರ್ಯ ಸಾಲದೆ, ಅತ್ತೆ ಒಬ್ಬಳೇ ಒಳಗೆ ಹೋದಳು.

ಮನೆಗೆ ತಂದ ದೇಹವನ್ನು ಬಟ್ಟೆಯಲ್ಲಿ ಪೂರ್ತಿ ಸುತ್ತಿದ್ದರು. ನಮ್ಮವರಲ್ಲಿ ಕೊರಳಿನ ಇಷ್ಟಲಿಂಗ ಹುಟ್ಟಿದಂದಿನಿಂದ ಮಣ್ಣಿಗಿಡುವವರೆಗೂ ಜೊತೆಗಿರಬೇಕು. ಅಜ್ಜಿ ಕೇಳಿದ್ದು ಅದೊಂದನ್ನೇ.

"ಲಿಂಗ ಎಲ್ಲೈತಿ?"

ಅಜ್ಜಿ ಅತ್ತೆಯ ಕಡೆ ತಿರುಗಿದಳು. ಆ ಹೊತ್ತಿನಲ್ಲಿ ಅಜ್ಜಿಯ ಮುಖದಲ್ಲಿ ಆಸೆ ಕಂಡು ನನಗೆ ಭಯವಾಯಿತು.

"ಲಿಂಗ ಇಲ್ಲಂದ್ರ ಇವ ನನ್ನ ಮಗ ಅಲ್ಲ. ನಿನ್ನ ಸಿನಿಮಾದಾಗ ಆತಲ್ಲ, ಹಂಗ. ಹೌದಲ್ಲೇನ ಮಗಳಾ?"

ಅತ್ತೆ ಕನ್ನಡಕ ತೆಗೆದಳು. "ಲಿಂಗ ಸಿಗಲಿಲ್ಲವ್ವಾ," ಎಂದಳು.

ಮಠದ ಅಯ್ಯನವರು ಹೊಸ ಲಿಂಗ ತರಿಸಿ, ಅದನ್ನಿಟ್ಟು ಮಣ್ಣು ಮಾಡಿಸಿದರು. ಅಜ್ಜಿ ಅಳಲೇ ಇಲ್ಲ.

ಆಮೇಲೆ ಅಜ್ಜಿಗೆ ಭಾನುವಾರ ಬಂದರೆ ಅದೇ ಸಿನಿಮಾ ಬೇಕು. ಕೊನೆ ಹೇಳುವ ಕೆಲಸವೂ ಅವಳದೇ ಆಯಿತು. "ಸುಮ್ಕಿರ್ರಿ, ಈಗ ಬರ್ತಾನ ನೋಡ್ರಿ," ಎನ್ನುವಳು. ಅತ್ತೆ ಎದ್ದು ಅಡಿಗೆಮನೆಗೆ ಹೋಗಿಬಿಡುವಳು. ಬೀದಿಯಲ್ಲಿ ಲಾರಿ ನಿಂತ ಸದ್ದಾದರೆ ಅಜ್ಜಿ ಗೋಡೆ ಹಿಡಿದುಕೊಂಡು ತಲೆಬಾಗಿಲಿಗೆ ಬರುವಳು. ಹೀಗೆ ಕಾಯುತ್ತಲೇ ಒಂದು ದಿನ ತೀರಿಕೊಂಡಳು.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದಾಗ, ದಿಂಬಿನ ಕೆಳಗಿಂದ ಒಂದು ಬೆಳ್ಳಿ ಕರಡಿಗೆ ತೆಗೆದು ನನ್ನ ಕೈಗಿಟ್ಟಳು. ಬೆಂಕಿಗೆ ಕಪ್ಪಾಗಿತ್ತು. ಒಳಗಿದ್ದದ್ದು ಚಿಕ್ಕಪ್ಪನ ಲಿಂಗ. ಆಸ್ಪತ್ರೆಯವರು ಅವಳ ಕೈಗೇ ಕೊಟ್ಟಿದ್ದರಂತೆ. ಅಜ್ಜಿ ಕೇಳಿದಾಗ ಅದು ಅತ್ತೆಯ ಸೆರಗಿನ ಗಂಟಿನಲ್ಲೇ ಇತ್ತು.

"ತೆಗದು ಕೊಡಬೇಕಂತ ಗಂಟಿಗೆ ಕೈ ಹಾಕಿದ್ನೆವ್ವಾ. ಅವ್ವನ ಮಾರಿ ನೋಡಿದ ಮ್ಯಾಲ ಬಾಯಿ ಬರಲಿಲ್ಲ. ನಾಳೆ ಹೇಳಿದ್ರಾತು ಅಂದ್ಕೊಂಡೆ. ಆಕೀನ್ನ ಸಾಯೋಮಟ ಬಾಗಿಲಾಗ ನಿಲ್ಲಿಸಿಬಿಟ್ಟೆ. ಅವನ್ನ ಪರದೇಶಿ ಮಾಡಿ ಮಣ್ಣಿಗೆ ಕಳಿಸಿದೆ."

ನೀನು ಮಾಡಿದ್ದು ಸರಿ ಎನ್ನಲು ನನ್ನಿಂದ ಆಗಲಿಲ್ಲ, ತಪ್ಪೆನ್ನಲೂ ಆಗಲಿಲ್ಲ. ಇವತ್ತಿಗೂ ಅವಳನ್ನು ನೆನೆದರೆ ಸಿಟ್ಟು ಬರುತ್ತದೆ, ಅದರ ಹಿಂದೆಯೇ ಕರುಳು ಕಿತ್ತು ಬರುತ್ತದೆ. ಅವತ್ತು ಅವಳ ತಲೆ ಸವರುತ್ತ ಕೂತಿದ್ದೆ.

ಅತ್ತೆಯನ್ನು ಮಣ್ಣಿಗಿಡುವಾಗ ಎಡಗೈಯಲ್ಲಿ ಅವಳ ಲಿಂಗವಿತ್ತು. ನಾನು ಬಗ್ಗಿ, ಕಪ್ಪು ಕರಡಿಗೆಯನ್ನು ಅವಳ ಮಡಿಲಲ್ಲಿಟ್ಟೆ. ಅಯ್ಯನವರು ನನ್ನ ಕೈ ತಡೆದರು.

"ಇದು ಯಾರದವ್ವಾ?"

ಪಕ್ಕದಲ್ಲಿ ಅಪ್ಪ ನಿಂತಿದ್ದ. ಅವನಿಗೂ ಏನೂ ಗೊತ್ತಿರಲಿಲ್ಲ.

"ಚಿಕ್ಕಪ್ಪಂದ್ರಿ," ಎಂದೆ. "ಅವತ್ತೇ ಸಿಕ್ಕಿತ್ತು."